ಪಾರ್ಶ್ವವಾಯು: ಗಿಡಮೂಲಿಕೆಯ ಸತ್ವ ಮೆದುಳನ್ನು ತಲುಪುವುದೆಷ್ಟು?

ಮನೆಯ ಹಿರಿಯರ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಮಾತು ತೊದಲಿ, ಒಂದು ಪಕ್ಕದ ಕೈಕಾಲು ಸ್ವಾಧೀನ ತಪ್ಪಿದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಕೂಡಲೇ ಒಬ್ಬರು ಒಂದೆಲಗದ ರಸ ಹಿಂಡಿ ತರುತ್ತಾರೆ. ಇನ್ನೊಬ್ಬರು ನಾಟಿ ಔಷಧಿ ಕೊಡುವ ಊರಿನ ಹೆಸರು ಹೇಳುತ್ತಾರೆ. ಮತ್ತೊಬ್ಬರು ಆಸ್ಪತ್ರೆಗೆ ಹೋಗೋಣ ಎನ್ನುತ್ತಾರೆ. ಈ ಚರ್ಚೆ ನಡೆಯುತ್ತಿರುವಾಗಲೇ ಅತ್ಯಮೂಲ್ಯವಾದ ಒಂದೆರಡು ಗಂಟೆ ಕಳೆದುಹೋಗಿರುತ್ತದೆ.

ಗಿಡಮೂಲಿಕೆಗಳಲ್ಲಿ ಗುಣವಿಲ್ಲವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬೇಸಾಯಶಾಸ್ತ್ರ ನಮಗೆ ಒಂದು ಪಾಠವನ್ನು ಚೆನ್ನಾಗಿ ಕಲಿಸಿದೆ. ಚೀಲದಲ್ಲಿ ಎಷ್ಟು ಗೊಬ್ಬರವಿದೆ ಎಂಬುದು ಒಂದು ಲೆಕ್ಕ. ಅದರಲ್ಲಿ ಎಷ್ಟು ಬೇರಿಗೆ ಸಿಕ್ಕಿತು, ಎಷ್ಟು ಕಾಳಿಗೆ ಸೇರಿತು ಎಂಬುದು ಬೇರೆಯೇ ಲೆಕ್ಕ. ಭೂಮಿಗೆ ಹಾಕಿದ ಯೂರಿಯದ ಬಹುಭಾಗ ಬೆಳೆಗೆ ದಕ್ಕದೆ ಹೋಗುವುದನ್ನು ರೈತರು ಬಲ್ಲರು. ಔಷಧಿಯ ವಿಷಯದಲ್ಲೂ ಇದೇ ಪ್ರಶ್ನೆಯನ್ನು ಕೇಳಬೇಕು. ಎಲೆಯಲ್ಲಿರುವ ಸತ್ವ ಮೆದುಳಿನ ಪೆಟ್ಟು ಬಿದ್ದ ಜಾಗವನ್ನು ತಲುಪುತ್ತದೆಯೇ? ತಲುಪಿದರೆ ಎಷ್ಟು, ಯಾವಾಗ?

ಪಾರ್ಶ್ವವಾಯುವಿನಲ್ಲಿ ಆಗುವುದೇನು?

ಮೆದುಳು ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಶೇ. 15ರಿಂದ 20ರಷ್ಟು ಅದಕ್ಕೇ ಬೇಕು. ಪಾರ್ಶ್ವವಾಯು ಎರಡು ಬಗೆಯದು. ಹತ್ತರಲ್ಲಿ ಏಳೆಂಟು ಮಂದಿಯಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ; ಇದು ಹೂಳು ತುಂಬಿ ಕಾಲುವೆ ಕಟ್ಟಿಕೊಂಡಂತೆ. ಉಳಿದವರಲ್ಲಿ ನಾಳ ಒಡೆದು ರಕ್ತ ಹೊರಚೆಲ್ಲುತ್ತದೆ. ಇದು ಕಾಲುವೆಯ ಏರಿ ಒಡೆದಂತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಸಿ.ಟಿ. ಸ್ಕ್ಯಾನ್ ಮಾಡದೆ ಯಾವ ಅನುಭವಿಯೂ ಇವನ್ನು ಖಚಿತವಾಗಿ ಬೇರ್ಪಡಿಸಿ ಹೇಳಲಾರರು. ಒಂದಕ್ಕೆ ಹೆಪ್ಪು ಕರಗಿಸುವ ಮದ್ದು ಬೇಕು. ಇನ್ನೊಂದಕ್ಕೆ ಅದೇ ಮದ್ದು ಪ್ರಾಣಾಪಾಯಕಾರಿ.

ಆರೋಗ್ಯವಂತರಲ್ಲಿ ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿ ಲೀಟರ್ ರಕ್ತ ಹರಿಯುತ್ತದೆ. ಇದು 20ಕ್ಕಿಂತ ಕೆಳಗಿಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ಸುಮಾರು 10ಕ್ಕಿಂತ ಕೆಳಗಿಳಿದರೆ ನಿಮಿಷಗಳಲ್ಲಿ ಸಾಯುತ್ತವೆ. ಬೆಳೆಯಲ್ಲೂ ಹೀಗೆಯೇ ಅಲ್ಲವೆ? ಮಧ್ಯಾಹ್ನದ ಬಿಸಿಲಿಗೆ ಬಾಡಿದ ರಾಗಿ ಸಂಜೆ ನೀರುಂಡರೆ ತಲೆಯೆತ್ತುತ್ತದೆ. ಇದು ತಾತ್ಕಾಲಿಕ ಬಾಡುವಿಕೆ. ಮಣ್ಣಿನ ತೇವ ಶಾಶ್ವತ ಬಾಡು ಬಿಂದುವಿಗಿಂತ ಕೆಳಗಿಳಿದ ಮೇಲೆ ಕೆರೆಯನ್ನೇ ತಿರುಗಿಸಿದರೂ ಗಿಡ ಏಳುವುದಿಲ್ಲ. ಪೆಟ್ಟು ಬಿದ್ದ ಜಾಗದ ನಡುಭಾಗ ಶಾಶ್ವತವಾಗಿ ಬಾಡಿದ ಬೆಳೆ. ಅದರ ಸುತ್ತಲಿನ ವಲಯ ಬಾಡಿದ್ದರೂ ಬದುಕಬಲ್ಲ ಬೆಳೆ. ಚಿಕಿತ್ಸೆಯೆಲ್ಲ ಈ ಸುತ್ತಲಿನ ವಲಯವನ್ನು ಉಳಿಸುವುದಕ್ಕಾಗಿಯೇ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ಲೆಕ್ಕ ಹಾಕಲಾಗಿದೆ.

ಮೊದಲನೆಯ ತಡೆ: ಕರುಳು ಮತ್ತು ಪಿತ್ತಜನಕಾಂಗ

ನಾವು ನುಂಗಿದ ಮೂಲಿಕೆ ನೇರವಾಗಿ ತಲೆಗೆ ಹೋಗುವುದಿಲ್ಲ. ಮೊದಲು ಅದು ಕರುಳಿನ ಗೋಡೆ ದಾಟಬೇಕು. ದಾಟಿದ ಭಾಗ ಪಿತ್ತಜನಕಾಂಗವನ್ನು ಹಾದು ಹೋಗಬೇಕು. ಈ ಅಂಗ ಹೊರಗಿನಿಂದ ಬಂದ ಬಹುತೇಕ ವಸ್ತುಗಳನ್ನು ಮಾರ್ಪಡಿಸಿ ಹೊರಹಾಕುವ ಸುಂಕದ ಕಟ್ಟೆಯಿದ್ದಂತೆ.

ಅರಿಶಿನದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಸಾಕಷ್ಟು ಚಿಕ್ಕ ಅಣು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಇದನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಶುದ್ಧ ಕರ್ಕ್ಯುಮಿನ್ 2 ಗ್ರಾಂ ನುಂಗಿದ ಮೇಲೂ ರಕ್ತದಲ್ಲಿ ಅದು ಪತ್ತೆಯಾಗಲೇ ಇಲ್ಲ, ಇಲ್ಲವೇ ಅತ್ಯಲ್ಪವಾಗಿ ಕಂಡುಬಂದಿತು. ಅದರೊಡನೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು ಕೇವಲ 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ಸೇರಿದ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು. ಪೈಪರಿನ್ ಆ ಸುಂಕದ ಕಟ್ಟೆಯ ಕಾವಲನ್ನು ಸ್ವಲ್ಪ ಹೊತ್ತು ಸಡಿಲಿಸುವುದೇ ಇದಕ್ಕೆ ಕಾರಣ.

ಇದರಿಂದ ಎರಡು ಪಾಠಗಳಿವೆ. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದು ಒಂದು. ಕಾವಲು ಸಡಿಲಿಸಿದರೆ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು ಎಂಬುದು ಇನ್ನೊಂದು. ಪಾರ್ಶ್ವವಾಯುವಿನ ನಂತರ ಬರುವ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯ ವಿಷಯದಲ್ಲಿ ಇದು ಕಂಡುಬಂದಿದೆ. ಅಡುಗೆಯ ಮೆಣಸಿಗೆ ಹೆದರಬೇಕಾಗಿಲ್ಲ. ಮೆಣಸಿನ ಸತ್ವ ಸೇರಿಸಿದ ಗುಳಿಗೆಗಳ ಬಗ್ಗೆ ಎಚ್ಚರ ಬೇಕು.

ಒಂದೆಲಗದ ಕಥೆ ಬೇರೆ ರೀತಿಯದು. ಅದರ ಮುಖ್ಯ ಸತ್ವಗಳಲ್ಲೊಂದಾದ ಏಷಿಯಾಟಿಕೊಸೈಡ್‌ನ ಅಣುತೂಕ ಸುಮಾರು 959. ಇದಕ್ಕೆ ಸಕ್ಕರೆಯ ಕೊಂಡಿಗಳು ತಗುಲಿಕೊಂಡಿವೆ. ಮೂಟೆ ಹೊತ್ತ ಆಳು ಕಿಂಡಿಯಲ್ಲಿ ನುಸುಳಲಾರನಷ್ಟೆ! ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಈ ಸಕ್ಕರೆಯ ಮೂಟೆಯನ್ನು ಕತ್ತರಿಸುತ್ತವೆ. ಉಳಿದ ಏಷಿಯಾಟಿಕ್ ಆಮ್ಲದ ಅಣುತೂಕ ಸುಮಾರು 489. ರಕ್ತದಲ್ಲಿ ಕಂಡುಬರುವುದು ಮುಖ್ಯವಾಗಿ ಇದೇ. ಸೂಕ್ಷ್ಮಾಣುಗಳು ಒಬ್ಬೊಬ್ಬರ ಕರುಳಿನಲ್ಲಿ ಒಂದೊಂದು ಬಗೆ. ಆದ್ದರಿಂದ ಒಂದೇ ಅಳತೆಯ ರಸ ಕುಡಿದ ಇಬ್ಬರಲ್ಲಿ ಫಲ ಒಂದೇ ಆಗಿರುತ್ತದೆಂಬ ಭರವಸೆಯಿಲ್ಲ.

ಎರಡನೆಯ ತಡೆ: ರಕ್ತ-ಮೆದುಳಿನ ನಡುವಿನ ಬೇಲಿ

1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಚುಚ್ಚಿದಾಗ ದೇಹದ ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮೆದುಳಿಗೆ ಮಾತ್ರ ಹತ್ತಲಿಲ್ಲ. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಅದೇ ತೆರನ ಬಣ್ಣವನ್ನು ಮೆದುಳಿನ ಸುತ್ತಲಿನ ದ್ರವಕ್ಕೆ ನೇರವಾಗಿ ಸೇರಿಸಿದರು. ಆಗ ಮೆದುಳಿಗೆ ಬಣ್ಣ ಹತ್ತಿತು, ಉಳಿದ ಅಂಗಗಳಿಗೆ ಹತ್ತಲಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬೇಲಿಯಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಬೇಲಿಯನ್ನು ಅರ್ಥಮಾಡಿಕೊಳ್ಳಲು ಗಿಡದ ಬೇರನ್ನೇ ನೋಡಿದರೆ ಸಾಕು. ಬೇರಿನ ಒಳಪದರದ ಜೀವಕೋಶಗಳ ನಡುವೆ ಮೇಣದಂಥ ವಸ್ತುವಿನಿಂದಾದ ಕ್ಯಾಸ್ಪೇರಿಯನ್ ಪಟ್ಟಿ ಇರುತ್ತದೆ. ಮಣ್ಣಿನ ನೀರು ಮತ್ತು ಲವಣ ಕೋಶಗಳ ಸಂದಿಯಲ್ಲಿ ನುಸುಳಿ ಒಳಗಿನ ನಾಳಗಳಿಗೆ ಸೇರದಂತೆ ಇದು ತಡೆಯುತ್ತದೆ. ಪ್ರತಿಯೊಂದು ಲವಣವೂ ಜೀವಕೋಶದ ಪೊರೆಯ ಮೂಲಕ, ಅದರ ಅನುಮತಿ ಪಡೆದೇ ಒಳಹೋಗಬೇಕು. ಮೆದುಳಿನ ಲೋಮನಾಳಗಳಲ್ಲೂ ಹೀಗೆಯೇ. ಬೇರೆ ಅಂಗಗಳ ಲೋಮನಾಳಗಳ ಕೋಶಗಳ ನಡುವೆ ಸಂದಿಗಳಿವೆ. ಮೆದುಳಿನಲ್ಲಿ ಈ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತಿರುತ್ತವೆ. ಮನುಷ್ಯನ ಮೆದುಳಿನ ಲೋಮನಾಳಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ. ಅಷ್ಟುದ್ದಕ್ಕೂ ಈ ಬೇಲಿಯಿದೆ.

ಬೇಲಿಯನ್ನು ದಾಟಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಕೊಬ್ಬಿನಲ್ಲಿ ಕರಗುವ ಗುಣ. ಅಣುತೂಕ ಸುಮಾರು 400ರಿಂದ 500ಕ್ಕಿಂತ ಕಡಿಮೆಯಿದ್ದು, ಎಣ್ಣೆಯಂಥ ವಸ್ತುವಿನಲ್ಲಿ ಕರಗುವಂತಿದ್ದರೆ ಅಣು ಕೋಶದ ಪೊರೆಯ ಮೂಲಕವೇ ಜಾರಿ ಒಳಹೋಗಬಹುದು. ಆದರೆ ಪೊರೆಯಲ್ಲಿ ಒಳಬಂದದ್ದನ್ನು ತಿರುಗಿ ರಕ್ತಕ್ಕೆ ತಳ್ಳುವ ಪಂಪುಗಳೂ ಇವೆ. ಅನೇಕ ಸಸ್ಯಮೂಲ ವಸ್ತುಗಳು ಹೀಗೆ ಹೊರದಬ್ಬಲ್ಪಡುತ್ತವೆ. ಏಷಿಯಾಟಿಕ್ ಆಮ್ಲ ಈ ಮಿತಿಯ ಅಂಚಿನಲ್ಲಿದೆ. ನೀರುಬ್ರಾಹ್ಮಿಯ ಬ್ಯಾಕೊಸೈಡ್‌ಗಳು ಇಡಿಯಾಗಿರುವಾಗ ಮಿತಿಗಿಂತ ಬಹಳ ದೊಡ್ಡವು.

ಎರಡನೆಯದು, ವಾಹಕಗಳ ಮೂಲಕ ಸಾಗುವುದು. ನಸುಗುನ್ನಿ ಕಾಯಿಯ ಬೀಜ ಇದಕ್ಕೆ ಉತ್ತಮ ನಿದರ್ಶನ. ಇದರಲ್ಲಿರುವ ಎಲ್-ಡೋಪ ಎಂಬ ವಸ್ತುವನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಬೇರ್ಪಡಿಸಿದರು. ಇದು ಅಮೈನೋ ಆಮ್ಲವಾದ್ದರಿಂದ, ಆಹಾರದ ಅಮೈನೋ ಆಮ್ಲಗಳನ್ನು ಮೆದುಳಿಗೆ ಸಾಗಿಸುವ ವಾಹಕವೇ ಇದನ್ನೂ ಒಳಗೆ ಕೊಂಡೊಯ್ಯುತ್ತದೆ. ಒಳಗೆ ಅದು ಡೋಪಮಿನ್ ಆಗುತ್ತದೆ. ಡೋಪಮಿನ್ ಅನ್ನೇ ನೇರವಾಗಿ ಕೊಟ್ಟರೆ ಬೇಲಿ ದಾಟುವುದಿಲ್ಲ. ಎಲ್-ಡೋಪ ಬಳಕೆಯಲ್ಲಿರುವುದು ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಗೆ, ಪಾರ್ಶ್ವವಾಯುವಿಗಲ್ಲ. ಸಸ್ಯಮೂಲ ವಸ್ತುವೊಂದು ಬೇಲಿ ದಾಟಿ ಕೆಲಸ ಮಾಡಬಲ್ಲದು ಎಂಬುದಕ್ಕೆ ಮಾತ್ರ ಇದನ್ನು ಇಲ್ಲಿ ಹೇಳಿದೆ.

ಬೇಲಿ ಮುರಿದಾಗ

ಪಾರ್ಶ್ವವಾಯು ಆದ ಮೇಲೆ ಈ ಬೇಲಿ ಮೊದಲಿನಂತೆ ಉಳಿಯುವುದಿಲ್ಲ. ರಕ್ತ ಸಿಗದ ಕಡೆ ಕೆಲವೇ ಗಂಟೆಗಳಲ್ಲಿ ಹೊಲಿಗೆ ಸಡಿಲಗೊಳ್ಳತೊಡಗುತ್ತದೆ. ಸೋರಿಕೆ ಹಲವು ದಿನಗಳವರೆಗೆ ಏರಿಳಿಯುತ್ತ ಮುಂದುವರಿಯಬಹುದು. ಹಾಗಾದರೆ ಮೂಲಿಕೆಯ ಸತ್ವ ಒಳಹೋಗಲು ಇದೇ ತಕ್ಕ ಸಮಯವಲ್ಲವೆ ಎಂದು ಕೇಳಬಹುದು. ಪ್ರಶ್ನೆ ಸಹಜವಾದದ್ದು. ಉತ್ತರದಲ್ಲಿ ಮೂರು ಅಂಶಗಳಿವೆ.

ಒಂದು, ಬೇಲಿ ಹೆಚ್ಚಾಗಿ ಮುರಿದಿರುವುದು ಕಾಲುವೆ ಕಟ್ಟಿರುವ ಜಾಗದಲ್ಲಿಯೇ. ತೂಬಿನ ಬಳಿ ಗೊಬ್ಬರ ಕದಡಿದರೂ, ನಡುವೆ ಕಾಲುವೆ ಮುಚ್ಚಿದ್ದರೆ ಕೊನೆಯ ತಾಕಿಗೆ ನೀರೂ ಇಲ್ಲ, ಗೊಬ್ಬರವೂ ಇಲ್ಲ. ಮೊದಲು ಕಾಲುವೆ ತೆರೆಯಬೇಕು.

ಎರಡು, ಮುರಿದ ಬೇಲಿ ಮದ್ದಿಗೆ ಮಾತ್ರ ದಾರಿ ಬಿಡುವುದಿಲ್ಲ. ರಕ್ತದ ನೀರು, ಪ್ರೋಟೀನು, ಬೇಡದ ವಸ್ತುಗಳೆಲ್ಲ ಒಳನುಗ್ಗಿ ಮೆದುಳು ಊದಿಕೊಳ್ಳುತ್ತದೆ. ಬೇರಿಗೆ ಗಾಯವಾದಾಗ ಚೌಳು ಲವಣ ಒಳಸೇರಿ ಗಿಡ ಸೊರಗುವಂತೆಯೇ ಇದು. ಆದ್ದರಿಂದ ವೈದ್ಯರ ಗುರಿ ಬೇಲಿಯನ್ನು ಸರಿಪಡಿಸುವುದೇ ಹೊರತು ತೆರೆದಿಡುವುದಲ್ಲ.

ಮೂರು, ಸಮಯ. ನುಂಗಿದ ರಸ ಜೀರ್ಣವಾಗಿ, ಸಕ್ಕರೆ ಕಳಚಿ, ರಕ್ತಕ್ಕೆ ಸೇರುವಷ್ಟರಲ್ಲಿ ಗಂಟೆಗಳು ಉರುಳಿರುತ್ತವೆ.

ಪ್ರಯೋಗಗಳಿಂದ ತಿಳಿದುಬಂದದ್ದು

2009ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದವರು ಇಲಿಗಳ ಮೆದುಳಿನ ನಾಳವನ್ನು ಮುಚ್ಚಿ ಶುದ್ಧ ಏಷಿಯಾಟಿಕ್ ಆಮ್ಲವನ್ನು ಕೊಟ್ಟು ನೋಡಿದರು. ಹಾನಿಯಾದ ಭಾಗ ಕಡಿಮೆಯಾಯಿತು, ಬೇಲಿಯ ಸೋರಿಕೆಯೂ ತಗ್ಗಿತು. ಇದು ಭರವಸೆಯ ಸಂಗತಿ. ಆದರೆ ಬಳಸಿದ್ದು ಶುದ್ಧಗೊಳಿಸಿದ ವಸ್ತುವನ್ನು, ಎಲೆಯ ರಸವನ್ನಲ್ಲ. ಪ್ರಯೋಗ ನಡೆದದ್ದು ಇಲಿಯ ಮೇಲೆ, ಮನುಷ್ಯರ ಮೇಲಲ್ಲ.

ಇಂಡೋನೇಷ್ಯಾದಲ್ಲಿ ಪಾರ್ಶ್ವವಾಯುವಿನ ನಂತರ ನೆನಪು ಕುಗ್ಗಿದ 48 ರೋಗಿಗಳಲ್ಲಿ ಒಂದೆಲಗದ ಸಾರವನ್ನು ಆರು ವಾರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಒಟ್ಟು ಅಂಕಗಳಲ್ಲಿ ಫೋಲಿಕ್ ಆಮ್ಲ ತೆಗೆದುಕೊಂಡವರಿಗಿಂತ ಎದ್ದುಕಾಣುವ ವ್ಯತ್ಯಾಸ ಬರಲಿಲ್ಲ. ಹೇಳಿದ್ದನ್ನು ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳುವ ಶಕ್ತಿ ಮಾತ್ರ ಉತ್ತಮವಾಗಿತ್ತು. ಒಂದೇ ತಾಕಿನಲ್ಲಿ ಒಂದು ಹಂಗಾಮು ನಡೆಸಿದ ಪ್ರಯೋಗದಿಂದ ತಳಿಯನ್ನು ಶಿಫಾರಸು ಮಾಡುವುದಿಲ್ಲವಷ್ಟೆ. ಇದೂ ಹಾಗೆಯೇ.

ದೊಡ್ಡ ಪ್ರಯೋಗಗಳೂ ನಡೆದಿವೆ. ಚೀನಾದ ಮೂಲಿಕೆಗಳ ಮಿಶ್ರಣವೊಂದನ್ನು ಏಷ್ಯದ ಹಲವು ದೇಶಗಳ 1,099 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ಕೊನೆಗೆ ಅದು ಹುಸಿ ಮಾತ್ರೆಗಿಂತ ಮೇಲೆಂದು ಕಾಣಲಿಲ್ಲ. ಮೆದುಳಿನ ರಕ್ತಸ್ರಾವಕ್ಕೆ ಚೀನಾದಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಕಷಾಯವನ್ನು 26 ಆಸ್ಪತ್ರೆಗಳ 1,648 ರೋಗಿಗಳಲ್ಲಿ ಪರೀಕ್ಷಿಸಿದಾಗಲೂ ಪ್ರಯೋಜನ ಕಂಡುಬರಲಿಲ್ಲವೆಂದು 2024ರಲ್ಲಿ ವರದಿಯಾಯಿತು.

ಯಶಸ್ಸಿನ ಉದಾಹರಣೆಯೂ ಇದೆ. ಕರ್ಪೂರದ ಜಾತಿಯ ಮರಗಳಲ್ಲಿ ದೊರೆಯುವ ಬೋರ್ನಿಯೋಲ್ ಎಂಬ ಸುವಾಸನೆಯ ವಸ್ತು ಚಿಕ್ಕದು, ಕೊಬ್ಬಿನಲ್ಲಿ ಕರಗುವಂಥದು, ಬೇಲಿಯನ್ನು ಸುಲಭವಾಗಿ ದಾಟುವಂಥದು. ಇದನ್ನು ಎಡರವೋನ್ ಎಂಬ ಔಷಧಿಯೊಡನೆ ಸೇರಿಸಿ ತಯಾರಿಸಿದ ಚುಚ್ಚುಮದ್ದನ್ನು ಚೀನಾದಲ್ಲಿ 1,165 ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. 90 ದಿನಗಳ ನಂತರ ಬಹುತೇಕ ಸ್ವಾವಲಂಬಿಗಳಾದವರು ಮಿಶ್ರಣ ಪಡೆದವರಲ್ಲಿ ಶೇ. 67, ಎಡರವೋನ್ ಮಾತ್ರ ಪಡೆದವರಲ್ಲಿ ಶೇ. 59. ಇದನ್ನು ಓದಿ ಯಾರೂ ಪೂಜೆಯ ಕರ್ಪೂರವನ್ನು ತಿನ್ನಿಸತಕ್ಕದ್ದಲ್ಲ. ಅಂಗಡಿಯ ಕರ್ಪೂರ ಬೇರೆ ವಸ್ತು. ಅದು ಹೊಟ್ಟೆಗೆ ಸೇರಿದರೆ ಫಿಟ್ಸ್ ಬರುತ್ತದೆ.

ಇವೆಲ್ಲದರ ಸಾರ ಇಷ್ಟು. ಗಿಡದಲ್ಲಿ ಗುಣವಿರುವುದು ನಿಜ. ಆದರೆ ಬೇಲಿ ದಾಟಿ, ತಕ್ಕ ಪ್ರಮಾಣದಲ್ಲಿ, ತಕ್ಕ ಹೊತ್ತಿಗೆ ತಲುಪುವಂತೆ ಅದನ್ನು ರೂಪಿಸಿ, ಪರೀಕ್ಷಿಸಿದ ಮೇಲೆ ಮಾತ್ರ ಅದು ಪಾರ್ಶ್ವವಾಯುವಿಗೆ ಔಷಧಿ.

ಮೂಲಿಕೆ ಬೆಳೆಯುವವರ ಹೊಣೆ

ಮೂಲಿಕೆಯ ಸತ್ವ ಕಷ್ಟಪಟ್ಟು ದಾಟುವ ಬೇಲಿಯನ್ನು ಕೆಲವು ವಿಷಗಳು ಸುಲಭವಾಗಿ ದಾಟುತ್ತವೆ. ಸೀಸ ಅವುಗಳಲ್ಲಿ ಮುಖ್ಯವಾದದ್ದು. ದೇಹ ಅದನ್ನು ಸುಣ್ಣದಂಶವೆಂದು ತಪ್ಪಾಗಿ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಇಲ್ಲಿ ರೈತರ ಪಾತ್ರ ಬರುತ್ತದೆ.

ಒಂದೆಲಗ, ನೀರುಬ್ರಾಹ್ಮಿ ಇವೆರಡೂ ತೇವದ ಜಾಗದ ಗಿಡಗಳು. ನೀರಿನಲ್ಲಿರುವ ಭಾರಲೋಹಗಳನ್ನು ಹೀರಿಕೊಂಡು ಕೂಡಿಟ್ಟುಕೊಳ್ಳುವ ಗುಣ ಇವೆರಡಕ್ಕೂ ಇದೆ. ಬೆಂಗಳೂರಿನ ಪೂರ್ವಭಾಗದ ರಾಮಮೂರ್ತಿ ನಗರದ ಸುತ್ತಮುತ್ತಲನ್ನೇ ನೋಡಿ. ಕೌದೇನಹಳ್ಳಿ, ಕಲ್ಕೆರೆ, ಹೊರಮಾವು ಮೊದಲಾದ ಹಳ್ಳಿಗಳ ಕೆರೆಯ ಅಚ್ಚುಕಟ್ಟು ಇಂದು ಬಡಾವಣೆಗಳಾಗಿವೆ. ಹೆಬ್ಬಾಳ-ನಾಗವಾರ ಕಣಿವೆಯ ಕೆರೆಗಳ ಸಾಲು ಕಲ್ಕೆರೆ, ರಾಂಪುರಗಳ ಮೂಲಕ ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಕಡೆ ಇಳಿಯುತ್ತದೆ. ನಗರದ ಕೊಳಚೆಯೂ ಇದೇ ದಾರಿ ಹಿಡಿದಿದೆ. ಇಂಥ ಕೆರೆಯಂಚಿನಲ್ಲಿ ತಾನಾಗಿ ಹಬ್ಬಿದ ಒಂದೆಲಗ ಹಚ್ಚಹಸಿರಾಗಿ, ಕೊಬ್ಬಿದಂತೆ ಕಾಣುತ್ತದೆ. ಅದನ್ನು ಕೊಯ್ದು ರೋಗಿಗೆ ಕೊಡುವುದು ಎಂದರೆ ಮೆದುಳಿಗೆ ಬೇಡದ್ದನ್ನು ಬೇಲಿ ಮುರಿದಿರುವ ಹೊತ್ತಿನಲ್ಲಿಯೇ ಕಳುಹಿಸಿದಂತೆ.

ಮೂಲಿಕೆ ಬೆಳೆಯುವ ರೈತರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಕೊಳಚೆ ಬೆರೆತ ಕೆರೆ, ರಾಜಕಾಲುವೆ, ಹೆದ್ದಾರಿಯ ಅಂಚು ಇವುಗಳಿಂದ ದೂರವಿರುವ ತಾಕನ್ನು ಆರಿಸಿ. ಶುದ್ಧವಾದ ಬಾವಿ ಅಥವಾ ಕೊಳವೆಬಾವಿ ನೀರನ್ನು ಬಳಸಿ. ನಾಟಿಗೆ ಮುಂಚೆ ಮಣ್ಣು, ನೀರು ಎರಡನ್ನೂ ಭಾರಲೋಹಗಳಿಗಾಗಿ ಪರೀಕ್ಷೆ ಮಾಡಿಸಿ.

2. ಒಣಗಿಸಿದ ಮೂಲಿಕೆಯಲ್ಲಿ ಪ್ರತಿ ಕಿಲೋಗ್ರಾಂಗೆ ಸೀಸ 10 ಮಿಲಿಗ್ರಾಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಆಯುರ್ವೇದ ಔಷಧಿಗಳ ಮಿತಿ. ಮಾರುವ ಮುನ್ನ ಮಾದರಿ ಪರೀಕ್ಷೆ ಮಾಡಿಸಿದರೆ ಬೆಲೆಯೂ ನಂಬಿಕೆಯೂ ದೊರೆಯುತ್ತದೆ.

3. ಹೆಸರಿನ ಗೊಂದಲಕ್ಕೆ ಎಡೆಗೊಡಬೇಡಿ. ‘ಬ್ರಾಹ್ಮಿ’ ಎಂದು ನಮ್ಮಲ್ಲಿ ಕೆಲವರು ಒಂದೆಲಗವನ್ನೂ ಕೆಲವರು ನೀರುಬ್ರಾಹ್ಮಿಯನ್ನೂ ಕರೆಯುತ್ತಾರೆ. ಇವು ಬೇರೆ ಬೇರೆ ಕುಟುಂಬದ ಸಸ್ಯಗಳು, ಸತ್ವಗಳೂ ಬೇರೆ. ಚೀಟಿಯ ಮೇಲೆ ಸಸ್ಯಶಾಸ್ತ್ರೀಯ ಹೆಸರನ್ನು ಬರೆಯಿರಿ: ಒಂದೆಲಗಕ್ಕೆ ಸೆಂಟೆಲ್ಲಾ ಏಷಿಯಾಟಿಕಾ, ನೀರುಬ್ರಾಹ್ಮಿಗೆ ಬಕೋಪಾ ಮೊನಿಯೇರಿ.

4. ಸತ್ವದ ಪ್ರಮಾಣ ತಳಿ, ನೆರಳು, ಕೊಯ್ಲಿನ ಕಾಲಗಳಿಗೆ ತಕ್ಕಂತೆ ಬದಲಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದೆಲಗದಲ್ಲಿ ‘ಅರ್ಕ ದಿವ್ಯ’ ಮತ್ತು ‘ಅರ್ಕ ಪ್ರಭಾವಿ’ ಎಂಬ ತಳಿಗಳನ್ನು ನೀಡಿದೆ. ಕೊಯ್ದ ಎಲೆಯನ್ನು ಮಣ್ಣು ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಿ.

ಮನೆಯವರು ಮರೆಯಬಾರದ ಅಂಶಗಳು

1. ಮುಖ ಸೊಟ್ಟಗಾಗುವುದು, ತೋಳು ಜಾರಿ ಬೀಳುವುದು, ಮಾತು ತೊದಲುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆಮಾಡಿ. ಲಕ್ಷಣ ಆರಂಭವಾದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ಕೊಳವೆಯ ಮೂಲಕ ತೆಗೆಯುವ ಚಿಕಿತ್ಸೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಸಾಧ್ಯ.

2. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಹೊಸಕೋಟೆ, ಕೋಲಾರದ ಕಡೆಯವರು ಕೃಷ್ಣರಾಜಪುರದ ವಾಹನದಟ್ಟಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮದ ಉದ್ದೇಶವೂ ಇಂಥ ಚಿಕಿತ್ಸೆಯನ್ನು ಜಿಲ್ಲೆಗಳಿಗೆ ಒಯ್ಯುವುದೇ.

3. ರೋಗಿಯ ಬಾಯಿಗೆ ಏನನ್ನೂ ಹಾಕಬೇಡಿ. ರಸ, ಕಷಾಯ, ನೀರು, ಮಾತ್ರೆ ಯಾವುದೂ ಬೇಡ. ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ನ್ಯೂಮೋನಿಯಾ ಆಗುತ್ತದೆ. ಮೂಗಿಗೆ ರಸ ಬಿಡುವುದೂ ಅಷ್ಟೇ ಅಪಾಯಕರ.

4. ಮನೆಗೆ ಬಂದ ಮೇಲೆ ಮೂಲಿಕೆ ಕೊಡಬೇಕೆಂದಿದ್ದರೆ ವೈದ್ಯರಿಗೆ ತಿಳಿಸಿಯೇ ಕೊಡಿ. ವಾರ್ಫರಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಹೆಚ್ಚು ಸೊಪ್ಪು ತಿಂದರೆ ಮಾತ್ರೆಯ ಬಲ ಕುಗ್ಗುತ್ತದೆ. ಗಿಂಕೊ, ಬೆಳ್ಳುಳ್ಳಿ, ಅರಿಶಿನಗಳ ಸಾಂದ್ರ ಗುಳಿಗೆಗಳು ರಕ್ತ ತೆಳುವಾಗಿಸುವ ಮಾತ್ರೆಯೊಡನೆ ಸೇರಿ ರಕ್ತಸ್ರಾವಕ್ಕೆ ಎಡೆಗೊಡಬಹುದು. ಜ್ಯೇಷ್ಠಮಧುವನ್ನು ಹೆಚ್ಚು ದಿನ ಬಳಸಿದರೆ ರಕ್ತದೊತ್ತಡ ಏರುತ್ತದೆ.

5. ಮೂಲಿಕೆಯ ಭರವಸೆಯಲ್ಲಿ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಬೇಡಿ. ಎರಡನೆಯ ಬಾರಿ ಪಾರ್ಶ್ವವಾಯು ತಗಲುವುದನ್ನು ತಡೆಯುವುದರಲ್ಲಿ ಈ ಮಾತ್ರೆಯ ಪಾಲು ದೊಡ್ಡದು.

ಒಂದೆಲಗದ ತಂಬುಳಿ, ಚಟ್ನಿ ನಮ್ಮ ಊಟದ ಒಳ್ಳೆಯ ಪದಾರ್ಥಗಳು. ಶುದ್ಧ ನೀರಿನಲ್ಲಿ ಬೆಳೆದ ಸೊಪ್ಪನ್ನು ಆರೋಗ್ಯವಂತರು ಎಂದಿನಂತೆ ತಿನ್ನಬಹುದು. ಆದರೆ ಕಾಲುವೆ ಕಟ್ಟಿಕೊಂಡು ಬೆಳೆ ಒಣಗುತ್ತಿರುವಾಗ ಯಾವ ರೈತನೂ ಗೊಬ್ಬರದ ಚೀಲ ಹುಡುಕಿ ಹೋಗುವುದಿಲ್ಲ. ಗುದ್ದಲಿ ಹಿಡಿದು ಕಾಲುವೆಗೆ ಇಳಿಯುತ್ತಾನೆ. ಪಾರ್ಶ್ವವಾಯು ಬಡಿದ ಮನೆಯಲ್ಲೂ ಮೊದಲು ಆಗಬೇಕಾದದ್ದು ಆ ಕೆಲಸ. ಅದು ಆಗುವುದು ಆಸ್ಪತ್ರೆಯಲ್ಲಿ, ಮೊದಲ ಕೆಲವು ಗಂಟೆಗಳಲ್ಲಿ.